ಮರುಜನ್ಮ ಪಡೆದ ಮಾರಿಸ್ ಕಾರನ್ನು ಕೊಳ್ಳುವ ಮುನ್ನ

ನಾಶಿಕದಲ್ಲಿ ನೆಲೆಸಿರುವ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಂದ ಕಳೆದ ಚಳಿಗಾಲದಲ್ಲಿ ನಮಗೊಂದು ದೂರವಾಣಿ ಕರೆ ಬಂದಿತು. ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ 2023ರವರೆಗೆ ಔರಂಗಾಬಾದ್ ಎಂಬ ಹೆಸರಿನಿಂದಿದ್ದ ಊರಿನಲ್ಲಿ, ಸಂಪೂರ್ಣವಾಗಿ ದುರಸ್ತಿಗೊಳಿಸಿದ ಹಳೆಯ ಮಾರಿಸ್ ಮೈನರ್ ಕಾರೊಂದು ಮಾರಾಟಕ್ಕಿದೆಯೆಂದೂ, ಅದನ್ನು ನೋಡಲು ತಮ್ಮೊಡನೆ ಬರಬೇಕೆಂದೂ ಅವರು ಕೇಳಿದರು. ಕಾರಿನ ಯಂತ್ರದ ವಿಷಯದಲ್ಲಿ ನಮ್ಮಿಂದ ಅವರಿಗೆ ಆಗಬೇಕಾದುದೇನೂ ಇರಲಿಲ್ಲ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂರು ದಶಕಕ್ಕೂ ಮೀರಿ ದುಡಿದು ನಿವೃತ್ತರಾದವರು ಅವರು. ಬ್ಯಾಂಕಿನಲ್ಲಿ ವಾಹನ ಸಾಲದ ಕಾಗದಗಳನ್ನು ತಿರುವಿಹಾಕುತ್ತ ವರ್ಷಗಳನ್ನು ಕಳೆದ ನಾವು ಆ ಗಾಡಿಯ ದಾಖಲೆಗಳನ್ನು ನೋಡಬೇಕೆಂಬುದು ಅವರ ಅಪೇಕ್ಷೆ. ಆಮೇಲೆ ಅವರ ಪತ್ನಿ ದೂರವಾಣಿಯನ್ನು ಕೈಗೆ ತೆಗೆದುಕೊಂಡರು. "ಮುದ್ದತ್ ಠೇವಿನ ರೊಕ್ಕಾ ಮುರಸಾಕ ಹೊಂಟಾರ ನೋಡ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮನಿ ಮುಂದ ನಿಂತು ತುಕ್ಕ ಹಿಡದ್ರ ಯಾರು ನೋಡ್ಕೋಬೇಕು? ನೀವ ಒಂದ್ ಮಾತ್ ಹೇಳ್ರಿ" ಎಂದರು. ಈ ವೈನಿಯವರ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ತಿಳಿದುಕೊಂಡ ಸಂಗತಿಗಳು ನಮ್ಮ ಓದುಗರಲ್ಲಿ ಹಲವರಿಗೆ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ತಂದೆಯ ಕಾಲದ ಕಾರನ್ನು ಇನ್ನೂ ಇಟ್ಟುಕೊಂಡಿರುವ ಮನೆಗಳೂ, ಅಂಥದೊಂದನ್ನು ಕೊಳ್ಳುವ ಹಂಬಲವುಳ್ಳ ಹಿರಿಯರೂ ನಮ್ಮಲ್ಲಿ ಕಡಿಮೆಯಿಲ್ಲ.

ಮೊದಲು ಈ ಕಾರು ಯಾವುದೆಂಬುದನ್ನು ನೋಡೋಣ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಉಕ್ಕು ನಿಯಂತ್ರಣದಲ್ಲಿತ್ತು, ರಫ್ತು ಮಾಡುವ ಕಾರ್ಖಾನೆಗಳಿಗೆ ಮಾತ್ರ ಅದರ ಹಂಚಿಕೆ ಧಾರಾಳವಾಗಿ ದೊರೆಯುತ್ತಿತ್ತು. ಪೆಟ್ರೋಲ್ ಪಡಿತರ ಅಲ್ಲಿ 1950ರ ಮೇ ತಿಂಗಳವರೆಗೂ ಮುಂದುವರಿಯಿತು. ಇಂಥ ಕಾಲದಲ್ಲಿ, ಸಾಧಾರಣ ಸಂಸಾರವೊಂದು ಕೊಳ್ಳಬಹುದಾದ, ಕಡಿಮೆ ಪೆಟ್ರೋಲ್ ಕುಡಿಯುವ, ಆದರೆ ಓಡಿಸಲು ದೊಡ್ಡ ಕಾರಿನಷ್ಟೇ ಹಿತವಾದ ಚಿಕ್ಕ ಕಾರೊಂದನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. 1906ರಲ್ಲಿ ಸ್ಮರ್ನಾ ಪಟ್ಟಣದಲ್ಲಿ ಹುಟ್ಟಿ, ಅಲ್ಲಿಂದ ನಿರಾಶ್ರಿತರಾಗಿ ಹೊರಟು ಇಂಗ್ಲೆಂಡ್ ಸೇರಿದವರು; ಮುಂದೆ 1959ರಲ್ಲಿ ಬಂದ ಪ್ರಖ್ಯಾತ 'ಮಿನಿ' ಕಾರಿನ ಜನಕರೂ ಅವರೇ. 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಮಾರಿಸ್ ಮೈನರ್ ಮೊದಲು ಕಾಣಿಸಿಕೊಂಡಿತು. ಕಂಪನಿಯ ಒಡೆಯರಾದ ಲಾರ್ಡ್ ನಫೀಲ್ಡ್ ಅವರಿಗೆ ಅದರ ಗುಂಡಗಿನ ಆಕಾರ ಸ್ವಲ್ಪವೂ ಹಿಡಿಸಲಿಲ್ಲವಂತೆ. ಬೇಯಿಸಿದ ಮೊಟ್ಟೆಯಂತಿದೆ ಎಂದು ಹಂಗಿಸಿದರೆಂಬ ಮಾತು ಪ್ರಸಿದ್ಧವಾಗಿದೆ. ಕೊನೆಯ ಘಳಿಗೆಯಲ್ಲಿ ಇಸಿಗೋನಿಸರಿಗೆ ಕಾರು ತೀರ ಇಕ್ಕಟ್ಟೆನಿಸಿ, ಮಾದರಿಯನ್ನು ನಡುವೆ ಉದ್ದುದ್ದಕ್ಕೆ ಸೀಳಿಸಿ ನಾಲ್ಕು ಅಂಗುಲ ಅಗಲ ಮಾಡಿದರು. ಬಂಪರುಗಳನ್ನು ಅದಾಗಲೇ ತಯಾರಿಸಿಬಿಟ್ಟಿದ್ದರಿಂದ ಅವನ್ನೂ ಕತ್ತರಿಸಿ ನಡುವೆ ತಗಡಿನ ತುಂಡೊಂದನ್ನು ಸೇರಿಸಬೇಕಾಯಿತು. ಮೊದಮೊದಲಿನ ಕಾರುಗಳ ಬಂಪರಿನ ನಡುಭಾಗದಲ್ಲಿ ಈ ತೇಪೆ ಇಂದಿಗೂ ಕಾಣುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಕುಪ್ಪಸಕ್ಕೆ ಕೂಡುಪಟ್ಟಿ ಹಾಕುವುದಿಲ್ಲವೇ, ಹಾಗೆ.

ಎಂಜಿನ್ ಮಾತ್ರ ಯುದ್ಧಕ್ಕೆ ಮುಂಚಿನ ಮಾರಿಸ್ ಎಯ್ಟ್ ಕಾರಿನದು. 918 ಸಿ.ಸಿ., ಇಪ್ಪತ್ತೇಳರ ಆಸುಪಾಸಿನ ಅಶ್ವಶಕ್ತಿ. ಮೊದಲ ಎಂಜಿನ್ನುಗಳಲ್ಲಿ ನೀರನ್ನು ತಿರುಗಿಸುವ ಪಂಪೇ ಇರಲಿಲ್ಲ. ಬಿಸಿ ನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಗುಣವನ್ನೇ ನಂಬಲಾಗಿತ್ತು. ಇಂಗ್ಲೆಂಡಿನ ಚಳಿಗೆ ಅದು ಸಾಕು. ಬೇಸಗೆಯಲ್ಲಿ ಕಸಾರಾ ಘಟ್ಟವನ್ನು ಹತ್ತುವವರಿಗೆ ಅದರ ಫಲ ಏನೆಂಬುದನ್ನು ವಿವರಿಸಬೇಕಾಗಿಲ್ಲ. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಒಂದಾದ ಮೇಲೆ ಆಸ್ಟಿನ್ನಿನ 803 ಸಿ.ಸಿ. ಎಂಜಿನ್ ಬಂದಿತು, 1956ರಲ್ಲಿ 948 ಸಿ.ಸಿ., ಜೊತೆಗೆ ಎರಡು ತುಂಡಿನ ಮುಂಗಾಜಿಗೆ ಬದಲಾಗಿ ಬಾಗಿದ ಒಂದೇ ಗಾಜು. 1962ರಲ್ಲಿ 1098 ಸಿ.ಸಿ. ಹತ್ತು ಲಕ್ಷ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ. 1971ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹದಿನಾರು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಿದ್ದಿದ್ದವು.

ನಮ್ಮ ದೇಶದಲ್ಲಿ ಈ ಕಾರಿಗೆ ಬೇರೊಂದು ಹೆಸರಿತ್ತು. ಬಿ. ಎಂ. ಬಿರ್ಲಾ ಅವರು 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭಿಸಿ, 1948ರಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾಡಾಕ್ಕೆ ಸಾಗಿಸಿದ ಹಿಂದುಸ್ತಾನ್ ಮೋಟರ್ಸ್ ಕಂಪನಿಯು ಮಾರಿಸ್ ಕಾರುಗಳನ್ನು ಇಲ್ಲಿ ಜೋಡಿಸುತ್ತಿತ್ತು. ಮಾರಿಸ್ ಟೆನ್ 'ಹಿಂದುಸ್ತಾನ್ 10' ಆಯಿತು, ಮಾರಿಸ್ ಆಕ್ಸ್‌ಫರ್ಡ್ 'ಹಿಂದುಸ್ತಾನ್ 14' ಆಯಿತು, ಮೈನರ್ 'ಬೇಬಿ ಹಿಂದುಸ್ತಾನ್' ಆಯಿತು. ಆಕ್ಸ್‌ಫರ್ಡಿನ ಮುಂದಿನ ಪೀಳಿಗೆ ಲ್ಯಾಂಡ್‌ಮಾಸ್ಟರ್, ಅದರ ಮುಂದಿನದು 2014ರವರೆಗೂ ಬಾಳಿದ ಅಂಬಾಸಿಡರ್. ಆದುದರಿಂದ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಕುಳಿತು ಮದುವೆಗೆ ಹೋದವರೆಲ್ಲರೂ ಈ ಕಾರಿನ ದಾಯಾದಿಯನ್ನು ಕಂಡವರೇ. ಇದೇ ಕಾಲದ ಇನ್ನೊಂದು ಮನೆತನ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯದು. ಅದರ ವ್ಯಾನ್‌ಗಾರ್ಡ್, ಸ್ಟ್ಯಾಂಡರ್ಡ್ ಟೆನ್, ಆಮೇಲೆ ಬಂದ ಹೆರಾಲ್ಡ್ ಇವೂ ಬ್ರಿಟನ್ನಿನ ಯುದ್ಧೋತ್ತರ ಸಂಸಾರದ ಕಾರುಗಳೇ. ಮುಂಬಯಿಯಲ್ಲಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿ ಮಾತ್ರ ಅಮೆರಿಕ ಮತ್ತು ಇಟಲಿಯ ದಾರಿ ಹಿಡಿಯಿತು. ನಾಶಿಕ ಜಿಲ್ಲೆಯ ರಾವಳಗಾಂವಿನಲ್ಲಿ ಕಬ್ಬಿನ ತೋಟವನ್ನೆಬ್ಬಿಸಿದ ವಾಲ್‌ಚಂದರೇ 1940ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನೂ ಆರಂಭಿಸಿದವರು. ಆ ಸಂಸ್ಥೆ 1964ರಲ್ಲಿ ಮಿಗ್ ವಿಮಾನಗಳಿಗಾಗಿ ಓಝರಿಗೆ ಬಂದುದರಿಂದಲೇ ನಮ್ಮ ಹಿರಿಯರಂಥ ಹಲವು ಕನ್ನಡ ಕುಟುಂಬಗಳು ಗೋದಾವರಿಯ ದಡ ಸೇರಿದವು.

ಹಿರಿಯರಿಗೆ ಈ ಕಾರೇ ಏಕೆ ಬೇಕು? ಅವರ ತಂದೆ ಗದಗಿನಲ್ಲಿ ವೈದ್ಯರಾಗಿದ್ದರು. ಧಾರವಾಡ ಜಿಲ್ಲೆಯೂ ನಾಶಿಕ ಜಿಲ್ಲೆಯೂ 1956ರವರೆಗೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವೆಂಬುದನ್ನು ಈಗಿನವರು ಮರೆತಿದ್ದಾರೆ. ಹಳ್ಳಿಯ ರೋಗಿಗಳನ್ನು ನೋಡಲು ತಂದೆಯವರು ಬೇಬಿ ಹಿಂದುಸ್ತಾನಿನಲ್ಲಿ ಹೋಗುತ್ತಿದ್ದರಂತೆ. ಮಗನಿಗೆ ಚಾಲನೆ ಕಲಿಸಿದ್ದೂ ಅದರಲ್ಲೇ. ಅಕ್ಕನ ಮದುವೆಗೆಂದು 1968ರಲ್ಲಿ ಅದನ್ನು ಮಾರಿದರು. "ಅಪ್ಪ ಆವತ್ತು ಊಟಾ ಮಾಡ್ಲಿಲ್ಲ ತಮ್ಮಾ" ಎಂದಷ್ಟೇ ಹಿರಿಯರು ನಮಗೆ ಹೇಳಿದರು. ಅವರಿಗೀಗ ಎಪ್ಪತ್ತೇಳು.

ಶುಕ್ರವಾರ ಸಂಜೆ ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ ನಾಶಿಕ ತಲುಪಿ, ಮರುದಿನ ಬೆಳಗ್ಗೆ ಅವರ ಮಾರುತಿಯಲ್ಲಿ ಹೊರಟೆವು. ಸಮೃದ್ಧಿ ಮಹಾಮಾರ್ಗ ಹಿಡಿದಿದ್ದರೆ ಬೇಗ ಸೇರಬಹುದಿತ್ತು. ಆದರೆ ಕೊಂಡ ಕಾರನ್ನು ಯಾವ ರಸ್ತೆಯಲ್ಲಿ ತರಬೇಕಾದೀತೋ ಅದನ್ನೇ ನೋಡಿಬರೋಣವೆಂದು ಹಿರಿಯರು ನಿಫಾಡ, ಯೇವಲಾ, ವೈಜಾಪುರಗಳ ಹಳೆಯ ಹಾದಿಯನ್ನೇ ಹಿಡಿದರು. ನಿಫಾಡದ ದ್ರಾಕ್ಷಿ ತೋಟಗಳನ್ನೂ, ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳ ಸಾಲನ್ನೂ ದಾಟಿ ಹೋಗುವ ಈ ದಾರಿ ಮೂವತ್ತು ಅಶ್ವಶಕ್ತಿಯ ಕಾರಿಗೆ ಹೇಳಿಮಾಡಿಸಿದಂತಿದೆ. ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳ ಮುಂದೆ ಗಾಡಿ ನಿಧಾನಿಸದೆ ಹೋದುದು ಉದ್ದೇಶಪೂರ್ವಕವೆಂದು ವೈನಿಯವರು ಆಮೇಲೆ ಆಪಾದಿಸಿದರು.

ಕಾರಿನ ಒಡೆಯರು ವಾಳೂಜಿನ ಕಡೆ ಲೇಥುಗಳ ಸಣ್ಣ ಕಾರ್ಖಾನೆ ನಡೆಸುವ ಮರಾಠಿ ಗೃಹಸ್ಥರು. ಬಜಾಜ್ ಕಂಪನಿ 1985ರಲ್ಲಿ ಅಲ್ಲಿ ಕಾಲೂರಿದ ಮೇಲೆ ಇಂಥ ನೂರಾರು ಯಂತ್ರಶಾಲೆಗಳು ಆ ಭಾಗದಲ್ಲಿ ಬೆಳೆದಿವೆ. ಹಳೆಯ ಕಾರುಗಳನ್ನು ಉಳಿಸಿಕೊಳ್ಳಲು ಈ ಎರಡು ಊರುಗಳು ಅನುಕೂಲವಾಗಿರುವುದು ಇದರಿಂದಲೇ: ಇಂಗ್ಲೆಂಡಿನಿಂದ ಬಾರದ ಬುಷ್, ಪಿನ್ನು, ಶಾಫ್ಟುಗಳನ್ನು ಅಳತೆ ಕೊಟ್ಟರೆ ತಿರುಗಿಸಿಕೊಡುವವರು ಇಲ್ಲಿದ್ದಾರೆ. ಒಡೆಯರು ತಮ್ಮ ತಂದೆಯ ಗಾಡಿಯನ್ನು ಕೋವಿಡ್ ಕಾಲದ ಬಿಡುವಿನಲ್ಲಿ ಬಿಚ್ಚಲು ಆರಂಭಿಸಿ ಮೂರು ವರ್ಷ ಶ್ರಮಪಟ್ಟಿದ್ದರು. ಹಲಗೆಯ ಮೇಲೆ 'ಮಾರಿಸ್ ಮೈನರ್, 1949, ಇಂಗ್ಲೆಂಡಿನ ಮೂಲ ಸ್ಥಿತಿಯಲ್ಲಿ' ಎಂದು ಬರೆದು ಒರಗಿಸಿದ್ದರು. ಕೆನೆಬಣ್ಣದ ಆ ಕಾರು ಎಳೆಬಿಸಿಲಿನಲ್ಲಿ ಹೊಳೆಯುತ್ತಿತ್ತು. ಹಿರಿಯರು ಐದು ನಿಮಿಷ ಮಾತನಾಡಲಿಲ್ಲ. ಕೊಳ್ಳುವವನು ಅತ್ಯಂತ ದುರ್ಬಲನಾಗುವುದು ಆ ಐದು ನಿಮಿಷಗಳಲ್ಲಿ.

ಆಮೇಲೆ ಅವರೊಳಗಿನ ಎಂಜಿನಿಯರು ಎಚ್ಚರಗೊಂಡರು. ದೀಪಗಳನ್ನು ನೋಡಿ ಮೊದಲು ತಲೆಯಾಡಿಸಿದರು. ಮೈನರಿನ ಮೊದಲ ಕಾರುಗಳಲ್ಲಿ ಮುಂದೀಪಗಳು ಕೆಳಗೆ ಜಾಲರಿಯ ಎರಡು ಬದಿಗೆ ಹುದುಗಿದ್ದವು. ದೀಪದ ಎತ್ತರದ ಬಗ್ಗೆ ಅಮೆರಿಕದ ನಿಯಮ ಅಡ್ಡಬಂದುದರಿಂದ ಅವನ್ನು ಮಡ್‌ಗಾರ್ಡಿನ ಮೇಲಕ್ಕೇರಿಸಿದರು. 1951ರ ಹೊತ್ತಿಗೆ ಎಲ್ಲ ಕಾರುಗಳಲ್ಲೂ ಹಾಗೇ ಆಯಿತು. ಈ ಕಾರಿನ ದೀಪಗಳು ಮೇಲಿದ್ದವು. ನೋಂದಣಿ ಪುಸ್ತಕ ತೆರೆದಾಗ ಅಲ್ಲಿ ತಯಾರಿಕೆಯ ವರ್ಷ 1952 ಎಂದಿತ್ತು. ಹೆಸರು ಬೇಬಿ ಹಿಂದುಸ್ತಾನ್. ಅಂದರೆ ಇದು ಇಂಗ್ಲೆಂಡಿನಿಂದ ಇಡಿಯಾಗಿ ಬಂದುದಲ್ಲ, ಉತ್ತರಪಾಡಾದಲ್ಲಿ ಜೋಡಿಸಿದ್ದು. ಹಲಗೆ ಬರೆದವರಲ್ಲಿ ಮೋಸದ ಉದ್ದೇಶವಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಹಳೆಯದೆಂದರೆ ಹೆಚ್ಚು ಬೆಲೆ, ವಿದೇಶಿಯೆಂದರೆ ಇನ್ನೂ ಹೆಚ್ಚು ಬೆಲೆ ಎಂಬ ಸಾಮಾನ್ಯ ನಂಬಿಕೆಯಷ್ಟೇ. ಕೊಳ್ಳುವವರಿಗೆ ವಾಸ್ತವವಾಗಿ ಇಲ್ಲಿ ಜೋಡಿಸಿದ ಕಾರೇ ಅನುಕೂಲ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, ಇಪ್ಪತ್ತು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 5,000ದಿಂದ 10,000 ರೂಪಾಯಿಗೇರಿತು. ಅದೇ ಆಮದಾದ ಕಾರಿಗಾದರೆ 80,000. ಹಲಗೆಯ ಮೇಲಿನ ಹೆಮ್ಮೆಯ ಒಂದು ಪದಕ್ಕೆ ಇಷ್ಟು ವ್ಯತ್ಯಾಸ.

ಬಾನೆಟ್ ಎತ್ತಿದಾಗ ದೊಡ್ಡ ಸಂಗತಿ ತಿಳಿಯಿತು. ಒಳಗಿದ್ದುದು ಮಾರಿಸ್ ಎಂಜಿನ್ನಲ್ಲ, ಪ್ರೀಮಿಯರ್ ಪದ್ಮಿನಿಯ 1089 ಸಿ.ಸಿ. ಎಂಜಿನ್. ಒಡೆಯರು ಇದನ್ನೇನೂ ಮುಚ್ಚಿಡಲಿಲ್ಲ. ತಮ್ಮ ತಂದೆಯವರೇ ಎಷ್ಟೋ ವರ್ಷಗಳ ಹಿಂದೆ ಹಾಕಿಸಿದ್ದೆಂದೂ, ಮೂಲ ಎಂಜಿನ್ ಹಿಂದಿನ ಕೊಠಡಿಯಲ್ಲಿದೆಯೆಂದೂ ಹೇಳಿದರು. ಬಿಡಿಭಾಗಗಳು ಸಿಗದ ಕಾಲದಲ್ಲಿ ಗಾಡಿ ಓಡಬೇಕೆಂದರೆ ಬೇರೆ ದಾರಿಯಿರಲಿಲ್ಲ. ಮಾರಿಸ್ಸಿಗೆ ಫಿಯಟ್ ಎಂಜಿನ್, ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಹೀಗೆ ಕಸಿ ಕಟ್ಟಿಸಿಕೊಂಡೇ ನಮ್ಮ ದೇಶದ ಎಷ್ಟೋ ಹಳೆಯ ಕಾರುಗಳು ಉಳಿದಿವೆ. ಆದರೆ ನೋಂದಣಿ ಪುಸ್ತಕದಲ್ಲಿ ಇನ್ನೂ ಹಳೆಯ ಎಂಜಿನ್ನಿನ ಸಂಖ್ಯೆಯೇ ಇತ್ತು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಪುಸ್ತಕದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅಪಘಾತವೇ ಆಗಲಿ, ಕಳವೇ ಆಗಲಿ, ಆದ ದಿನ ವಿಮೆಯವರು ಮೊದಲು ನೋಡುವುದು ಈ ಸಂಖ್ಯೆಯನ್ನು. ಬಣ್ಣ ಎಷ್ಟೇ ಚೆನ್ನಾಗಿರಲಿ, ಚಾಸಿಸ್ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಕಣ್ಣಾರೆ ಓದಿ ಪುಸ್ತಕದೊಡನೆ ತಾಳೆ ನೋಡದೆ ಯಾರೂ ಮುಂಗಡ ಕೊಡಬಾರದು.

ಮಿಕ್ಕ ಪರೀಕ್ಷೆಯನ್ನು ಹಿರಿಯರು ಚಾಪೆ ಹಾಸಿ ಕಾರಿನ ಕೆಳಗೆ ಮಲಗಿಯೇ ಮಾಡಿದರು. ಈ ಕಾರಿಗೆ ಲಾರಿಯಂತೆ ಬೇರೆ ಚೌಕಟ್ಟಿಲ್ಲ. ತಗಡಿನ ಮೈಯೇ ಭಾರವನ್ನೆಲ್ಲ ಹೊರುತ್ತದೆ. ಆದುದರಿಂದ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗುಗಳು ಮೈಗೆ ಸೇರುವ ಸ್ಥಳ ಇವು ತುಕ್ಕು ಹಿಡಿದಿದ್ದರೆ ಹೊರಗಿನ ಹೊಳಪಿಗೆ ಅರ್ಥವಿಲ್ಲ. ಹಿರಿಯರು ಸಣ್ಣ ಅಯಸ್ಕಾಂತವೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅದು ಕಚ್ಚಿಕೊಂಡ ಕಡೆ ಉಕ್ಕು, ಜಾರಿದ ಕಡೆ ಬರೀ ಪುಟ್ಟಿ. ಎಡಗಡೆಯ ಬಾಗಿಲ ಕೆಳಗೆ ಒಂದು ಗೇಣಿನಷ್ಟು ಜಾಗದಲ್ಲಿ ಜಾರಿತು, ಉಳಿದೆಡೆ ಗಟ್ಟಿಯಾಗಿತ್ತು. ಮುಂಗಾಲಿಯ ಕೆಳಗಿನ ಟ್ರನಿಯನ್ ಎಂಬ ಕೀಲು ಈ ಕಾರಿನ ಪ್ರಸಿದ್ಧವಾದ ದೌರ್ಬಲ್ಯ. ಅದಕ್ಕೆ ಕಾಲಕಾಲಕ್ಕೆ ಗ್ರೀಸ್ ಊಡದಿದ್ದರೆ ಒಳಗಿನ ಎಳೆಗಳು ಸವೆದು, ಒಂದು ದಿನ ತಿರುವಿನಲ್ಲಿ ಗಾಲಿಯೇ ಮಡಚಿಕೊಂಡು ಕಾರು ಮೊಣಕಾಲೂರುತ್ತದೆ. ಅದನ್ನು ಜಾಕ್ ಮೇಲೆತ್ತಿಸಿ ಅಲುಗಾಡಿಸಿ ನೋಡಿದರು. ಬ್ಯಾಟರಿಯ ವಿಷಯದಲ್ಲೂ ಎಚ್ಚರ ಬೇಕು: ಈ ಕಾರುಗಳಲ್ಲಿ ಮೈಗೆ ಸೇರುವುದು ಧನ ತುದಿ, ಈಗಿನ ಕಾರುಗಳಂತೆ ಋಣ ತುದಿಯಲ್ಲ. ಇದನ್ನರಿಯದ ಎಲೆಕ್ಟ್ರಿಷಿಯನ್ ಒಂದು ತಂತಿಯನ್ನು ತಿರುಗುಮುರುಗು ಮಾಡಿದರೆ ಸಾಕು. ದಿಕ್ಕು ತೋರಿಸಲು ಬಾಗಿಲ ಪಕ್ಕದ ಕಂಬದಿಂದ ಚಿಕ್ಕ ಕೈಯಂತೆ ಹೊರಬರುವ ದೀಪದ ಕಡ್ಡಿ ಇನ್ನೂ ಕೆಲಸ ಮಾಡುತ್ತಿತ್ತು. ಹಿರಿಯರು ಅದನ್ನು ಅಗತ್ಯಕ್ಕಿಂತ ನಾಲ್ಕು ಸಲ ಹೆಚ್ಚಾಗಿ ಎತ್ತಿಳಿಸಿದರು.

ಪೆಟ್ರೋಲಿನದು ಇತ್ತೀಚಿನ ತಕರಾರು. ಸೀಸ ಬೆರೆತ ಪೆಟ್ರೋಲ್ ನಮ್ಮಲ್ಲಿ 2000ನೆಯ ಇಸವಿಯಲ್ಲಿಯೇ ನಿಂತಿತು. ಹಳೆಯ ಎಂಜಿನ್ನುಗಳ ವಾಲ್ವಿನ ಪೀಠಗಳಿಗೆ ಆ ಸೀಸವೇ ರಕ್ಷಣೆಯಾಗಿತ್ತು. ಈಗ ಎಂಜಿನ್ ಬಿಚ್ಚಿದಾಗ ಗಡುಸಾದ ಪೀಠಗಳನ್ನು ಕೂಡಿಸಬೇಕಾಗುತ್ತದೆ. ಇನ್ನು 2025ರ ಹೊತ್ತಿಗೆ ದೇಶದೆಲ್ಲೆಡೆ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರಿನ ನಳಿಕೆಗಳನ್ನೂ ಪಂಪಿನ ಪೊರೆಗಳನ್ನೂ ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಅದನ್ನು ತುಂಬಿಡುವುದು ತುಕ್ಕಿಗೆ ಆಮಂತ್ರಣ. ನಳಿಕೆಗಳನ್ನೆಲ್ಲ ಈ ಕಾಲದ ರಬ್ಬರಿನವಕ್ಕೆ ಬದಲಿಸಿ, ವಾರಕ್ಕೊಮ್ಮೆಯಾದರೂ ಗಾಡಿ ಓಡಿಸುವುದೇ ಪರಿಹಾರ. ವೈನಿಯವರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ: ಓಡಿಸದೆ ನಿಲ್ಲಿಸುವುದಾದರೆ ಕೊಳ್ಳಬಾರದು.

ಈಗ ನಮ್ಮ ಪಾಲಿನ ಕೆಲಸಕ್ಕೆ ಬರೋಣ. ನೋಂದಣಿ ಪುಸ್ತಕ ಹರಿದು, ಅಂಟಿಸಿ, ಮತ್ತೆ ಹರಿದಿತ್ತು. ಔರಂಗಾಬಾದ್ ಜಿಲ್ಲೆಯು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ನಮ್ಮ ಬೀದರ, ಕಲಬುರಗಿ, ರಾಯಚೂರುಗಳಂತೆಯೇ. ಆಮೇಲೆ ಮುಂಬಯಿ ರಾಜ್ಯ, 1960ರಲ್ಲಿ ಮಹಾರಾಷ್ಟ್ರ. ಪುಸ್ತಕದಲ್ಲಿ ಈ ಚರಿತ್ರೆಯೆಲ್ಲ ರಬ್ಬರ್ ಮೊಹರುಗಳ ರೂಪದಲ್ಲಿತ್ತು. ಮೂರು ತೊಡಕುಗಳು ಕಂಡವು. ಕಾರು ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಮಗ ಮಾರುವ ಮುನ್ನ 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಉಳಿದ ವಾರಸುದಾರರ ಒಪ್ಪಿಗೆಯೊಡನೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆನಂತರವೇ 29 ಮತ್ತು 30ನೆಯ ನಮೂನೆಗಳಲ್ಲಿ ಮಾರಾಟದ ವರ್ಗಾವಣೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು ಹದಿನಾಲ್ಕು ದಿನಗಳಲ್ಲಿ, ಕೊಂಡವರು ಮೂವತ್ತು ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಎರಡನೆಯದಾಗಿ, ನೋಂದಣಿಯ ಅವಧಿ ಕೆಲ ವರ್ಷಗಳ ಹಿಂದೆಯೇ ಮುಗಿದಿತ್ತು. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಿ ಪರ್ಯಾವರಣ ಕರ ತುಂಬಬೇಕಷ್ಟೆ. ತಪ್ಪಿದರೆ ತಡವಾದ ಪ್ರತಿ ತಿಂಗಳಿಗೂ ದಂಡ. ಇಂಥ ಹಳೆಯ ಪುಸ್ತಕಗಳ ವಿವರ ಗಣಕಯಂತ್ರದಲ್ಲಿ ಸೇರಿರುವುದೂ ಅಪರೂಪ. ಎಂಎಚ್-20ರ ಸಾರಿಗೆ ಕಚೇರಿಯಲ್ಲಿ ಅದನ್ನು ಏರಿಸಿದ ಮೇಲೆಯೇ ಎಂಎಚ್-15ರ ನಾಶಿಕ ಕಚೇರಿ ಅದನ್ನು ಗುರುತಿಸುತ್ತದೆ.

ಮೂರನೆಯದು ನಮಗೆ ತೀರ ಪರಿಚಿತವಾದದ್ದು. ಪುಸ್ತಕದ ಒಂದು ಪುಟದಲ್ಲಿ, ಎಂದೋ ತೀರಿರಬಹುದಾದ ಸಾಲಕ್ಕಾಗಿ ಬ್ಯಾಂಕೊಂದರ ಹೆಸರಿಗೆ ಗಾಡಿಯನ್ನು ಆಧಾರ ಮಾಡಿದ ನಮೂದಿತ್ತು. ಆ ಬ್ಯಾಂಕು ಈಗ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ನಮ್ಮ ಕನ್ನಡ ನಾಡಿನ ಈ ಬ್ಯಾಂಕುಗಳ ಮೊಹರು ಹೊತ್ತ ಪುಸ್ತಕಗಳು ಮಹಾರಾಷ್ಟ್ರದ ಎಷ್ಟು ಮನೆಗಳಲ್ಲಿ ಇವೆಯೋ. ಬ್ಯಾಂಕು ವಿಲೀನವಾದರೆ ಆಧಾರದ ನಮೂದು ತಾನಾಗಿ ಅಳಿಯುವುದಿಲ್ಲ. ಅದು ಯಾವ ಬ್ಯಾಂಕಿನಲ್ಲಿ ಸೇರಿತೋ ಆ ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ಪತ್ರವನ್ನೂ, ಸಹಿಯಾದ 35ನೆಯ ನಮೂನೆಯನ್ನೂ ಪಡೆದು ಸಲ್ಲಿಸಬೇಕು. ಹಳೆಯ ಶಾಖೆಯ ಹೆಸರು, ಸಾಲದ ಅಂದಾಜು ವರ್ಷ, ತೀರುವಳಿಯ ಯಾವುದಾದರೂ ರಸೀತಿ ಇದ್ದರೆ ಶಾಖೆಯವರ ಕೆಲಸ ಸುಲಭವಾಗುತ್ತದೆ. ಕೌಂಟರಿನ ಆ ಬದಿಯಲ್ಲಿ ಕುಳಿತವರಾಗಿ ನಮ್ಮ ವಿನಂತಿಯೆಂದರೆ, ಮಾರ್ಚ್ ತಿಂಗಳಲ್ಲಿ ಮಾತ್ರ ಈ ಕೆಲಸಕ್ಕೆ ಬರಬೇಡಿ.

'ವಿಂಟೇಜ್' ಎಂಬ ಮಾತನ್ನು ಒಡೆಯರು ಹಲವು ಸಲ ಬಳಸಿದರು. ಈ ಪದಕ್ಕೆ ಕೇಳಿದವರಿಗೊಂದು ಅರ್ಥ. ಸಂಗ್ರಾಹಕರ ಪರಿಭಾಷೆಯಲ್ಲಿ ಅದು 1930ರವರೆಗಿನ ಕಾರುಗಳಿಗೆ ಸಲ್ಲುತ್ತದೆ. ವಿಮೆಯ ಹಳೆಯ ದರಪಟ್ಟಿಯಲ್ಲಿ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದದ್ದು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಲ್ಲಿ ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನ. ಈ ನಿಯಮದಡಿ ಹೊಸದಾಗಿ ನೋಂದಣಿಯಾಗುವ ವಾಹನದ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಬಳಿಕ 'ವಿಎ' ಎಂದಿರುತ್ತದೆ. ಮೊದಲೇ ನೋಂದಣಿಯಾದುದು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ಮಾರಾಟಕ್ಕೆ ಅವಕಾಶವಿದೆ. ಆದರೆ ಎರಡು ಷರತ್ತುಗಳನ್ನು ಮರೆಯಬಾರದು. ಚಾಸಿಸ್, ಮೈ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಪದ್ಮಿನಿಯ ಎಂಜಿನ್ ಇರುವವರೆಗೆ ಈ ಕಾರಿಗೆ ಆ ಬಾಗಿಲು ಮುಚ್ಚಿದೆ. ಮತ್ತು ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಹಿರಿಯರಿಗೆ ಬೇಕಾದದ್ದೋ ಸೋಮವಾರ ಪಂಚವಟಿಗೆ, ಗುರುವಾರ ತರಕಾರಿಗೆ ಹೋಗುವ ಕಾರು. ಅವರಿಗೆ ಸಾಮಾನ್ಯ ನೋಂದಣಿಯೇ ಸರಿ.

ಹಣದ ಮಾತನ್ನೂ ಹೇಳಿಬಿಡುತ್ತೇವೆ. ಇಂಥ ಕಾರಿಗೆ ಬ್ಯಾಂಕಿನ ವಾಹನ ಸಾಲ ದೊರೆಯುವುದಿಲ್ಲವೆಂದೇ ತಿಳಿಯಬೇಕು. ಇದಕ್ಕೆ ಮಾರುಕಟ್ಟೆಯ ದರಪಟ್ಟಿಯಿಲ್ಲ, ಆಧಾರವಾಗಿ ಇದರ ಮೌಲ್ಯವನ್ನು ಯಾವ ಅಧಿಕಾರಿಯೂ ಸಹಿ ಮಾಡಿ ಒಪ್ಪುವುದಿಲ್ಲ. ಇದೊಂದು ಹೂಡಿಕೆ ಎಂಬ ಮಾತನ್ನೂ ನಾವು ನಂಬುವುದಿಲ್ಲ. ಸ್ವಂತಕ್ಕೆ ಬಳಸುವ ಕಾರು ವೈಯಕ್ತಿಕ ವಸ್ತುವಾದುದರಿಂದ ಮಾರಿದಾಗ ಬಂದ ಲಾಭಕ್ಕೆ ತೆರಿಗೆಯಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಒಂದನ್ನು 21 ಲಕ್ಷಕ್ಕೆ ಮಾರಿದವರ ವಾದವನ್ನು 2025ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಕಾರು ಬಳಸಲು ಬರುತ್ತದೆ ಎಂದರೆ ಸಾಲದು, ನಿಜವಾಗಿ ಸ್ವಂತಕ್ಕೆ ಬಳಸಿದ್ದೆಂದು ತೋರಿಸಬೇಕೆಂದಿತು. ಪೆಟ್ರೋಲಿನ ಚೀಟಿ, ದುರಸ್ತಿಯ ಬಿಲ್ಲು, ವಿಮೆಯ ಕಾಗದಗಳನ್ನು ಒಂದು ಕಡತದಲ್ಲಿ ಇಡುತ್ತ ಬಂದರೆ ಮಕ್ಕಳ ಕಾಲಕ್ಕಾದರೂ ಅನುಕೂಲ. ವಿಮೆಯಲ್ಲಿ ಮೂರನೆಯವರ ಹಾನಿಯ ಪಾಲಿಸಿ ಕಡ್ಡಾಯ. ಸ್ವಂತ ಹಾನಿಗೆ ಮೌಲ್ಯವನ್ನು ಮೊದಲೇ ಒಪ್ಪಿ ಬರೆಯುವ ಪಾಲಿಸಿ ಕೊಡುವರೇ ಎಂದು ಕೇಳಿ ನೋಡಬೇಕು. ಇಲ್ಲದಿದ್ದರೆ ಸವಕಳಿ ಲೆಕ್ಕದಲ್ಲಿ ಎಪ್ಪತ್ತು ವರ್ಷದ ಕಾರಿನ ಬೆಲೆ ಒಂದು ಹೊಸ ಸ್ಕೂಟರಿನಷ್ಟೂ ಆಗದು.

ಚಹಾ ಕುಡಿಯುತ್ತ ಒಡೆಯರಿಗೆ ಇವೆಲ್ಲವನ್ನೂ ವಿವರಿಸಿದೆವು. ಅವರು ಬೇಸರಿಸಿಕೊಳ್ಳುವರೆಂದು ಅಳುಕಿತ್ತು. ಬದಲಿಗೆ ಅವರು ನಮ್ಮನ್ನು ಹಿಂದಿನ ಕೊಠಡಿಗೆ ಕರೆದೊಯ್ದು ಗೋಣಿಚೀಲ ಸರಿಸಿದರು. ಮೂಲ ಎಂಜಿನ್ ಅಲ್ಲಿತ್ತು. ಅದರ ಮೇಲಿನ ಸಂಖ್ಯೆ ಪುಸ್ತಕದ ಸಂಖ್ಯೆಯೊಡನೆ ಹೊಂದಿತು. ಒಂದು ಪಕ್ಕದಲ್ಲಿ ನೀರಿನ ಕೋಶ ಸೀಳಿತ್ತು. ಹಿರಿಯರು ಬೆರಳಾಡಿಸಿ, ಎರಕದ ಕಬ್ಬಿಣದ ಈ ಸೀಳನ್ನು ಲೋಹದ ಹೊಲಿಗೆಯಿಂದ ಮುಚ್ಚಬಹುದೆಂದರು. "ವಡಿಲಾಂಚಿ ಗಾಡಿ ಆಹೆ" ಎಂದರು ಒಡೆಯರು. ತಂದೆಯ ಗಾಡಿಯನ್ನು ಏಕೆ ಮಾರುತ್ತೀರಿ ಎಂದು ನಾವು ಕೇಳಲಿಲ್ಲ. ಮಗಳ ವೈದ್ಯಕೀಯ ಶಿಕ್ಷಣದ ಮಾತು ಅದಾಗಲೇ ಬಂದುಹೋಗಿತ್ತು. ಹಿರಿಯರು ಗದಗಿನ ಕಾರು 1968ರಲ್ಲಿ ಹೋದ ಬಗೆಯನ್ನು ಮರಾಠಿಯಲ್ಲಿ ಅವರಿಗೆ ಹೇಳಿದರು. ಆ ಮೇಲೆ ಬೆಲೆಯ ಚರ್ಚೆ ನಾವು ನಿರೀಕ್ಷಿಸಿದ್ದಕ್ಕಿಂತ ಮೃದುವಾಗಿ ನಡೆಯಿತು. ಹಳೆಯ ಎಂಜಿನ್ನನ್ನೂ ಸೇರಿಸಿ ಕೊಡುವುದು, ಅದನ್ನು ಮರಳಿ ಕೂಡಿಸುವ ವೆಚ್ಚಕ್ಕೆ ಬೆಲೆಯಲ್ಲಿ ರಿಯಾಯಿತಿ, 31 ಮತ್ತು 35ನೆಯ ನಮೂನೆಗಳ ಕೆಲಸವನ್ನೂ ನವೀಕರಣವನ್ನೂ ಮಾರುವವರೇ ಮುಗಿಸುವುದು, ಅದುವರೆಗೆ ಚೆಕ್ಕಿನ ಮೂಲಕ ಸಣ್ಣ ಮುಂಗಡ ಮಾತ್ರ. ಇಷ್ಟನ್ನು ಸ್ಟ್ಯಾಂಪ್ ಕಾಗದದ ಮೇಲೆ ಬರೆದೆವು. ಮೊತ್ತವನ್ನು ಇಲ್ಲಿ ಹೇಳುವುದು ಸರಿಯಲ್ಲ. ವೈನಿಯವರ ಅನುಮತಿಯ ಮಿತಿಯೊಳಗಿತ್ತು ಎಂದಷ್ಟೇ ಹೇಳಬಹುದು.

ಇಷ್ಟು ಓದಿಯೂ ಕೊಳ್ಳುವ ಧೈರ್ಯವಾಗದೆ ನೋಡುವ ಆಸೆ ಮಾತ್ರ ಉಳಿದವರು ಊರಿಗೆ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಒಂದು ಘಂಟೆ ಕೊಡಬಹುದು. ಸಂಭಾಜಿನಗರಕ್ಕೇ ಹೋದವರು ವೇರೂಳನ್ನು ಬಿಡುವಂತಿಲ್ಲ. ರಾಷ್ಟ್ರಕೂಟರ ಮೊದಲನೆಯ ಕೃಷ್ಣನು ಕೈಲಾಸವನ್ನು ಕೊರೆಸಿದ ಆ ಬೆಟ್ಟ ಊರಿಂದ ಮೂವತ್ತು ಕಿಲೋಮೀಟರಿನಾಚೆಗಿದೆ. ನಾವು ಹೋಗಲಿಲ್ಲ. ಹಿರಿಯರಿಗೆ ಮನೆ ಸೇರಿ ಸುದ್ದಿ ಹೇಳುವ ಆತುರವಿತ್ತು.

ಈಗ ವಾರಸಾ ಅರ್ಜಿ ಮುಗಿದಿದೆ, ಬ್ಯಾಂಕಿನ ಪತ್ರ ಬರಬೇಕಾಗಿದೆ. ಎಂಜಿನ್ ಮಾತ್ರ ಮುಂಚಿತವಾಗಿ ಟೆಂಪೋದಲ್ಲಿ ನಾಶಿಕ ಸೇರಿ, ಹಿರಿಯರ ಹಿತ್ತಿಲ ಕೊಠಡಿಯಲ್ಲಿ ಬಿಚ್ಚಿಕೊಂಡು ಕುಳಿತಿದೆ. ಕಾರಿನ ಉದ್ದ ಹನ್ನೆರಡು ಅಡಿ ನಾಲ್ಕು ಅಂಗುಲ. ಅಂಗಳದಲ್ಲಿ ಅದು ನೇರವಾಗಿ ನಿಲ್ಲಬೇಕಾದರೆ ತುಳಸಿಕಟ್ಟೆಯನ್ನು ಎರಡು ಅಡಿ ಸರಿಸಬೇಕು. ವೈನಿಯವರು ಅದಕ್ಕೆ ಒಪ್ಪಿಲ್ಲವಾದುದರಿಂದ ಓರೆಯಾಗಿ ನಿಲ್ಲಿಸುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ.